ಮೊಳೆಗೆ ನೇತು ಹಾಕಿದ್ದು

ಸೊಸೆಗೆ ತನ್ನದು ಅಂತ ಒಂದು ಕಪಾಟಿರಲಿಲ್ಲ.

ಹಾಗಂತ ಆ ಮನೆಯಲ್ಲಿ ಕಪಾಟುಗಳಿಗೆ ಬರವೇನೂ ಇರಲಿಲ್ಲ. ನಡುಮನೆಯಲ್ಲಿ ನಾಲ್ಕು, ಮೆಟ್ಟಿಲ ಕೆಳಗೆ ಎರಡು, ಬಚ್ಚಲಿಗೆ ಹೋಗುವ ದಾರಿಗೆ ಅಡ್ಡವಾಗಿ ಒಂದು ನಿಂತಿದ್ದವು. ಎಲ್ಲವೂ ಮಾರಾಟದ ಮಾಲು. ಮದುವೆಯಾಗಿ ಬಂದ ಮೇಲೆ ಅವಳು ತನ್ನ ಬಟ್ಟೆಗಳನ್ನು ಒಂದಾದ ಮೇಲೊಂದರಂತೆ ಮೂರು ಕಪಾಟುಗಳಲ್ಲಿ ಮಡಿಸಿಟ್ಟಿದ್ದಳು. ಮೂರೂ ಗಿರಾಕಿಗಳ ಪಾಲಾದವು. ಕೆಲಸ ಮುಗಿಸಿ ಬಂದು ನೋಡಿದರೆ ಕಪಾಟು ನಿಂತಿದ್ದ ಕಡೆ ಗೋಡೆಯ ಮೇಲೊಂದು ಬೆಳ್ಳನೆಯ ಚೌಕ, ಹಾಸಿಗೆಯ ಮೇಲೆ ಬಟ್ಟೆಯ ರಾಶಿ. ರಾಶಿಯ ತುದಿಯಲ್ಲಿ ಅವಳ ಒಳಬಟ್ಟೆಗಳು, ಮಾವ ತನ್ನ ಕೈಯಾರೆ ಎತ್ತಿ ಹಾಕಿದವು.

ಮಾವನದು ಹಳೆ ಸಾಮಾನಿನ ವ್ಯಾಪಾರ. ಮನೆ ಖಾಲಿ ಮಾಡುವವರು, ಸತ್ತವರ ಕೋಣೆ ತೆರವು ಮಾಡುವವರು, ಜಗಳವಾಡಿ ಬೇರೆಯಾದವರು, ಎಲ್ಲರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಬೀದಿಯವರು ಇಟ್ಟ ಹೆಸರು ಸೆಕೆಂಡ್ ಹ್ಯಾಂಡ್ ಸಾಹುಕಾರ. ಅಂಗಡಿ ಅಂತ ಬೇರೆ ಇರಲಿಲ್ಲ, ಮನೆಯೇ ಅಂಗಡಿ. ಗಿರಾಕಿ ಹೊಸ್ತಿಲು ದಾಟಿ ಬಂದು ಯಾವುದರ ಮೇಲೆ ಕಣ್ಣು ಹಾಕಿದರೂ ಅದಕ್ಕೊಂದು ಬೆಲೆ ಇತ್ತು. ಒಮ್ಮೆ ಎಲ್ಲರೂ ಉಣ್ಣುತ್ತಿದ್ದಾಗಲೇ ಮೇಜು ಮಾರಿಹೋಗಿ, ಉಳಿದ ಊಟವನ್ನು ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಮುಗಿಸಿದ್ದರು. ಇದನ್ನು ಮಾವ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ.

ಆದರೂ ಸಂಸಾರ ನಡೆಯಬೇಕಲ್ಲ. ಅದಕ್ಕೊಂದು ಕಟ್ಟಳೆ ಇತ್ತು, ಮಾವನ ಅಪ್ಪನ ಕಾಲದಿಂದ ಬಂದದ್ದು. ನೆಲದ ಮೇಲೆ ಕೂತದ್ದೆಲ್ಲ ಮಾರಾಟಕ್ಕೆ. ಗೋಡೆಯ ಮೊಳೆಗೆ ನೇತು ಹಾಕಿದ್ದು ಮಾತ್ರ ಮನೆಯವರದು. ಒಬ್ಬೊಬ್ಬರಿಗೆ ಎರಡೋ ಮೂರೋ ಮೊಳೆ. ಕೊಡೆ, ಚೀಲ, ಒಳ್ಳೆಯ ಬಟ್ಟೆ, ಔಷಧಿ, ಏನಿದ್ದರೂ ಅಲ್ಲೇ ತೂಗಬೇಕು. ಸೊಸೆ ಬಂದಾಗ ಅವಳಿಗೆಂದು ಹೊಸ ಮೊಳೆ ಹೊಡೆದೆವು ಅಂದರು. ಗಂಡ ಅದನ್ನು ಮುರಿದ ಕುರ್ಚಿಯಿಂದ ಕಿತ್ತು, ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ ತಂದಿದ್ದ.

ಮಾವನ ತಾಯಿ ಇನ್ನೂ ಬದುಕಿದ್ದಳು. ಅಜ್ಜಿಯ ಮಂಚವೂ ಆಗಾಗ ಮಾರಿಹೋಗಿ, ಅವಳನ್ನು ಹೊಸದಾಗಿ ಬಂದ ಇನ್ನೊಂದು ಹಳೆಯ ಮಂಚಕ್ಕೆ ಸಾಗಿಸುತ್ತಿದ್ದರು.

"ನನ್ನನ್ನೂ ಒಂದು ಮೊಳೆಗೆ ನೇತು ಹಾಕ್ರೋ," ಎನ್ನುತ್ತಿದ್ದಳು ಅಜ್ಜಿ. "ಇಲ್ದಿದ್ರೆ ಇವನು ಯಾವತ್ತಾದ್ರೂ ತೂಕಕ್ಕೆ ಹಾಕ್ತಾನೆ."

"ನಿನ್ನ ಯಾರು ತಗೋತಾರಮ್ಮಾ," ಎನ್ನುತ್ತಿದ್ದ ಮಾವ. "ಬಿಡಿಭಾಗ ಒಂದೂ ಸಿಗಲ್ಲ."

ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಇಕ್ಕಳ, ಕನ್ನಡಿ, ಚಿಮಟಗಳನ್ನು ತೊಳೆದು, ಕುದಿಸಿ, ಒರೆಸಿ ತಟ್ಟೆಯಲ್ಲಿ ಜೋಡಿಸಿಡುವುದು ಅವಳ ಕೆಲಸ. ಒಬ್ಬರ ಬಾಯಿಗೆ ಹೋದದ್ದು ಹಾಗೆಯೇ ಇನ್ನೊಬ್ಬರ ಬಾಯಿಗೆ ಹೋಗಬಾರದು. ಇದಕ್ಕಿಂತ ದೊಡ್ಡ ನೀತಿ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಅಮ್ಮ ಇಲ್ಲದೆ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಚಾದರದ ಮೂಲೆಯಲ್ಲಿ ಹಿಂದಿನ ಹುಡುಗಿಯ ನಂಬರು, ತಟ್ಟೆಯ ಬೆನ್ನಿಗೆ ಅದಕ್ಕೂ ಹಿಂದಿನವಳ ನಂಬರು. ಲೈಬ್ರರಿಯ ಪುಸ್ತಕ ತೆರೆದರೆ ಪುಟಗಳ ಮಧ್ಯೆ ಯಾರದೋ ಊಟದ ಅಗುಳು ಒಣಗಿ ಅಂಟಿರುತ್ತಿತ್ತು. ಅದನ್ನು ಉಗುರಿನಿಂದ ಕೆರೆದು ಓದಿದವಳು ಅವಳು. ಮದುವೆಯಾದರೆ ಇದರಿಂದ ಪಾರಾದೆ ಅಂದುಕೊಂಡಿದ್ದಳು. ಗಂಡಿನ ಮನೆಯ ವ್ಯಾಪಾರ "ಫರ್ನಿಚರ್" ಅಂತ ಹೇಳಿದ್ದರು.

ಬಸುರಿಯಾಗಿ ಐದು ತಿಂಗಳು ತುಂಬಿದಾಗ ಅವಳು ಗಂಡನ ಬಳಿ ಒಂದೇ ಮಾತು ಕೇಳಿಕೊಂಡಳು.

"ನಮ್ಮ ಮಗು ಮಲಗೋ ಹಾಸಿಗೇಲಿ ಮೊದಲು ಯಾರೂ ಮಲಗಿರಬಾರದು. ಅದು ಕಚ್ಚೋ ಪುಸ್ತಕಾನ ಮೊದಲು ಯಾರೂ ಕಚ್ಚಿರಬಾರದು. ಬೇರೇನೂ ಕೇಳಲ್ಲ ನಾನು."

"ಪುಸ್ತಕ ಇರೋದು ಕಚ್ಚೋಕಾ?"

"ಮೊದಲ ವರ್ಷ ಅದಕ್ಕೇ. ಕ್ಲಿನಿಕ್ಕಿಗೆ ಬರೋ ಮಕ್ಕಳನ್ನ ನೋಡ್ತೀನಲ್ಲ. ಮೂಲೆ ಕಚ್ಚಿಕೊಂಡೇ ಅವು ಓದೋಕೆ ಶುರು ಮಾಡೋದು."

"ಆಯ್ತು," ಅಂದ ಗಂಡ. ಒಳ್ಳೆಯ ಸ್ವಭಾವದವನು ಅಂತ ಎಲ್ಲರೂ ಹೇಳುತ್ತಿದ್ದರು. ಯಾರು ಏನು ಕೇಳಿದರೂ ಆಯ್ತು ಅನ್ನುವವನು.

ಅದೇ ವಾರ ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಾವ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬೇಳೆಯ ಪಾತ್ರೆಯ ಪಕ್ಕದಲ್ಲಿ ಬಿಚ್ಚಿದ. ಒಳಗೆ ಕಟ್ಟಿಸಿದ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ.

"ತೀರಿಹೋದ ವಕೀಲರ ಡ್ರಾಯರಿನಲ್ಲಿ ಸಿಕ್ತು. ನಿಮ್ಮ ಡಾಕ್ಟ್ರು ತಗೋತಾರಾ ಕೇಳಮ್ಮ."

"ಮಾವ, ಅದು ಅವರ ಬಾಯಿ ಅಳತೆಗೆ ಮಾಡಿದ್ದು."

"ಸ್ವಲ್ಪ ಉಜ್ಜಿದ್ರೆ ಇನ್ನೊಬ್ಬರಿಗೆ ಹೊಂದಲ್ವಾ? ಬಾಗಿಲು ಉಜ್ಜಿ ಕೂರಿಸಲ್ವಾ ನಾವು?"

"ಹಲ್ಲಿನ ಸಂದೀಲಿ ಇನ್ನೂ ಸೊಪ್ಪು ಸಿಕ್ಕೊಂಡಿದೆ."

ಅಜ್ಜಿ ಬಗ್ಗಿ ನೋಡಿದಳು. "ನಂಗೆ ಕೊಡು ಇಲ್ಲಿ. ಹಾಕಿ ನೋಡ್ತೀನಿ."

ಸೊಸೆ ತಟ್ಟೆ ಸರಿಸಿ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಐದು ತುಂಬಿದ್ರೂ ವಾಂತಿ ನಿಂತಿಲ್ಲ ನೋಡಿ ಇವಳಿಗೆ." ಹಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ. ಬಾಯಿ ತೊಳೆದು ಒಳಗೆ ಬಂದಾಗ ಅಜ್ಜಿ ವಕೀಲರ ಹಲ್ಲು ಹಾಕಿಕೊಂಡು ನಗುತ್ತಿದ್ದಳು. ಬಾಯಿ ಮುಚ್ಚುತ್ತಿರಲಿಲ್ಲ.

ಇದಾದ ಮುಂದಿನ ವಾರ ಮಾವ ಗಾಡಿಯಿಂದ ಕಟಕಟೆಯಿದ್ದ ಮಗುವಿನ ಮಂಚವೊಂದನ್ನು ಇಳಿಸಿದ. ಜೊತೆಗೆ ಒಂದು ಗೋಣಿಚೀಲ ತುಂಬ ಮಗುವಿನ ಸಾಮಾನು.

"ಸೊಸೆಗೆ," ಅಂದ. "ಇಡೀ ಲಾಟು ಸಿಕ್ತು. ಆ ಮನೇಲಿ ಮೂರು ಮಕ್ಕಳು ಬೆಳೆದಿದಾವೆ ಇದರಲ್ಲಿ."

ಅವಳು ಚೀಲ ಬಿಚ್ಚಿದಳು. ಬಾಟಲಿಗಳ ಕುತ್ತಿಗೆಯಲ್ಲಿ ಹಾಲು ಒಣಗಿ ಹಳದಿ ಬಳೆಯಾಗಿತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ. ರಬ್ಬರಿನ ನಿಪ್ಪಲ್ಲುಗಳನ್ನು ಯಾವುದೋ ಮಗು ಜಗಿದು ಜಗಿದು ಹರಿದಿತ್ತು. ಒಂದಕ್ಕೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ತಳದಲ್ಲಿ ದಪ್ಪ ರಟ್ಟಿನ ಪುಸ್ತಕಗಳು. ಅವುಗಳ ಮೂಲೆಗಳು ನೀರಲ್ಲಿ ನೆನೆದ ಬ್ರೆಡ್ಡಿನಂತೆ ಉಬ್ಬಿ ಪದರು ಬಿಟ್ಟಿದ್ದವು. ಮೂಲೆಯಲ್ಲಿ ಸಾಲಾಗಿ ಹಲ್ಲಿನ ಗುರುತುಗಳು, ಒಂದಲ್ಲ, ಒಂದರ ಮೇಲೊಂದು ಮೂರು ಬಾಯಿಗಳದು. ಆನೆಯ ಚಿತ್ರವಿದ್ದ ಪುಟ ಬಿಡಿಸಲು ನೋಡಿದಳು, ಬರಲಿಲ್ಲ. ಎಳೆದಾಗ ಚರ್ ಅಂತ ಬಿಟ್ಟುಕೊಂಡಿತು. ಸಿಂಬಳ.

"ಅತ್ತೆ ಉಜ್ಜಿ ಕೊಡ್ತಾಳೆ," ಅಂದ ಮಾವ.

ಅತ್ತೆ ಆಗಲೇ ಸೋಡಾಪುಡಿ, ಬ್ರಷ್ಷು ತಂದಿಟ್ಟುಕೊಂಡಿದ್ದಳು. ಬಂದ ಮಾಲನ್ನೆಲ್ಲ ಉಜ್ಜುವುದು ಅವಳ ಪಾಲಿನ ಕೆಲಸ. ಮೂವತ್ತು ವರ್ಷದಿಂದ ಬೇರೆಯವರ ಕೊಳೆ ಉಜ್ಜಿ ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು.

ಸೊಸೆ ತಲೆಯಿಂದ ಪಿನ್ನು ತೆಗೆದು ಮಂಚದ ಕೀಲಿನ ಸಂದಿಗೆ ತೂರಿಸಿದಳು. ಪಿನ್ನಿನ ತುದಿ ಕೆಂಪಾಗಿ ಬಂತು.

"ತಿಗಣೆ, ಮಾವ."

"ಎಲ್ಲಿಲ್ಲ ತಿಗಣೆ?"

"ಹೊಸ ಮಂಚದಲ್ಲಿಲ್ಲ."

"ಹೊಸದು ಅಂಗಡಿ ಮೆಟ್ಟಿಲು ಇಳಿದ ತಕ್ಷಣ ಅರ್ಧ ಬೆಲೆ ಆಗೋಗುತ್ತೆ ಕಣಮ್ಮ. ಮಿಕ್ಕರ್ಧ ದುಡ್ಡು ಯಾತಕ್ಕೆ ಕೊಟ್ಟೆ? ಆ ಮೆಟ್ಟಿಲಿಗೆ. ಮಕ್ಕಳು ವಸ್ತು ಸವೆಸೋದಕ್ಕೆ ಮುಂಚೆ ಬೆಳೆದುಬಿಡ್ತವೆ. ನಿನ್ನ ಗಂಡನೂ ಇಂಥ ಮಂಚದಲ್ಲೇ ಮಲಗಿ ದೊಡ್ಡವನಾದ. ಏನಾಗಿದೆ ಈಗ ಅವನಿಗೆ, ಹೇಳು?"

ಸೊಸೆ ಗಂಡನ ಕಡೆ ನೋಡಿದಳು. ಅವನು ಬೋರಲು ಹಾಕಿದ ಸೋಫಾದ ಸ್ಪ್ರಿಂಗಿಗೆ ಎಣ್ಣೆ ಬಿಡುತ್ತ ತಲೆ ಎತ್ತದೆ ಕೂತಿದ್ದ. ಏನಾಗಿದೆ ಅಂತ ಆಗ ಅವಳಿಗೆ ಹೇಳಲು ಬರಲಿಲ್ಲ.

"ನನ್ನ ಸಂಬಳದಲ್ಲಿ ತರ್ತೀನಿ," ಅಂದಳು. "ನಿಮ್ಮನ್ನ ಕೇಳಲ್ಲ."

"ತಾರಮ್ಮ, ಯಾರು ಬೇಡ ಅಂದ್ರು," ಅಂದ ಮಾವ ಸಮಾಧಾನದಲ್ಲೇ. "ಮೂರು ತಿಂಗಳಾದ ಮೇಲೆ ನಾನೇ ಮಾರಿಕೊಡ್ತೀನಿ."

ರಜೆಯ ದಿನ ಗಂಡನನ್ನು ಹೊರಡಿಸಿಕೊಂಡು ಅವಳು ಪೇಟೆಗೆ ಹೋದಳು. ಮಕ್ಕಳ ಸಾಮಾನಿನ ಅಂಗಡಿ ಗಾಜಿನ ಬಾಗಿಲಿನದು, ಒಳಗೆ ಹೊಸ ಬಟ್ಟೆಯ ಗಂಜಿ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗ ಅವಳ ಹೊಟ್ಟೆ ಎಷ್ಟೋ ದಿನದ ಮೇಲೆ ತಣ್ಣಗಾಯಿತು. ಹಾಸಿಗೆಗಳನ್ನು ಒಂದೊಂದಾಗಿ ಒತ್ತಿ ನೋಡಿ, ಅಂಗೈಗೆ ಗಟ್ಟಿಯಾಗಿ ತಾಕುವ ಒಂದನ್ನು ಆರಿಸಿದಳು. ತೆಳ್ಳಗಿನದು, ಸುರುಳಿ ಸುತ್ತಿದರೆ ಕಂಕುಳಲ್ಲಿ ಹಿಡಿಯುವಂಥದು. ಎರಡು ಗಾಜಿನ ಬಾಟಲಿ. ಹನ್ನೆರಡು ಚೌಕ ಬಟ್ಟೆ.

ಗಂಡ ಪ್ರತಿಯೊಂದನ್ನೂ ಬೋರಲು ಹಾಕಿ ನೋಡುತ್ತಿದ್ದ. ಹಾಸಿಗೆಯ ಹೊಲಿಗೆ ಎಳೆದ, ಬಾಟಲಿಯನ್ನು ಉಗುರಿನಿಂದ ಟಣ್ ಅನ್ನಿಸಿದ.

"ಈ ಬಾಟಲಿಗೆ ಆಮೇಲೆ ಏನೂ ಹುಟ್ಟಲ್ಲ ಕಣೆ," ಅಂದ ಪಿಸುದನಿಯಲ್ಲಿ.

"ಆಮೇಲೆ ಅಂದ್ರೆ?"

"ಮಾರುವಾಗ."

"ಮಾರೋದಕ್ಕಾ ತಗೊಳ್ತಾ ಇರೋದು?"

"ಸುಮ್ನೆ ಅಂದೆ. ಬಾಯಿಗೆ ಬಂತು."

ಪುಸ್ತಕಗಳಿದ್ದದ್ದು ಅಂಗಡಿಯ ಹಿಂಬದಿಯಲ್ಲಿ. ಮಾರುವ ಹುಡುಗಿ ಒಂದಿಷ್ಟನ್ನು ಹರವಿದಳು. ಅಕ್ಷರಗಳದು, ಹಣ್ಣುಗಳದು, ಒತ್ತಿದರೆ ಕೂಗುವಂಥದು. ಸೊಸೆ ಒಂದೊಂದರ ಮೂಲೆಯನ್ನೂ ಬೆರಳಲ್ಲಿ ತಡವಿದಳು; ಚೂಪಾಗಿದ್ದವನ್ನು ಪಕ್ಕಕ್ಕಿಟ್ಟಳು. ಬಣ್ಣ ಬಿಡುತ್ತದೆಯೇ ಅಂತ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದಳು. ಹುಡುಗಿ ಮುಖ ಸಿಂಡರಿಸಿದಳು.

"ಮೇಡಂ, ಎಂಜಲು ಮಾಡಿದ್ರೆ ತಗೊಳ್ಳಲೇಬೇಕು."

"ತಗೊಳ್ಳೋಕೇ ಬಂದಿದೀನಿ."

ಕೊನೆಗೆ ಮೂರು ಉಳಿದವು. ಕಪ್ಪು ಬಿಳಿ ಆಕಾರಗಳಷ್ಟೇ ಇದ್ದದ್ದು ಒಂದು, ಹುಟ್ಟಿದ ಕೂಸಿಗೂ ಕಾಣುವಂಥದು. ಮನುಷ್ಯರ ಮುಖಗಳದು ಒಂದು: ನಗುವ, ಅಳುವ, ಆಕಳಿಸುವ ಮುಖ. ಬಟ್ಟೆಯದು ಒಂದು, ಒಳಗೆ ಮೀನುಗಳು, ಕೊಳೆಯಾದರೆ ಒಗೆಯಬಹುದು. ಮುಖಗಳ ಪುಸ್ತಕ ರಟ್ಟಿನದು, ನಾಲ್ಕು ಮೂಲೆಯೂ ಗುಂಡಗೆ, ಗಟ್ಟಿಯಾಗಿ. ಅದರ ಮೂಲೆ ಹಿಡಿದು ಅವಳು ಸ್ವಲ್ಪ ಹೊತ್ತು ನಿಂತಳು. ಇಲ್ಲಿ ಬೀಳುತ್ತದೆ ಮೊದಲ ಹಲ್ಲು ಅಂದುಕೊಂಡಳು. ಕೆಳಗಿನ ಎರಡು ಮೊದಲು.

"ಯಾವುದು ಚೆನ್ನಾಗಿದೆ ಹೇಳಿ?" ಅಂತ ಗಂಡನನ್ನು ಕೇಳಿದಳು.

"ಮುಖದ್ದು," ಅಂದ ಅವನು. ಆಕಳಿಸುವ ಮುಖ ನೋಡಿ ತಾನೂ ಆಕಳಿಸಿದ. ಇಬ್ಬರೂ ನಕ್ಕರು. ಆ ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ.

ಎಲ್ಲವನ್ನೂ ಅಂಗಡಿಯವರು ಕೊಟ್ಟ ನೀಲಿ ಬಟ್ಟೆಯ ದೊಡ್ಡ ಚೀಲಕ್ಕೆ ತುಂಬಿ, ಅವಳು ತನ್ನ ಮೊಳೆಗೆ ತೂಗು ಹಾಕಿದಳು. ಮೊಳೆ ಬಾಗಿತು, ಆದರೆ ತಡೆಯಿತು. ಎರಡು ನಿಪ್ಪಲ್ಲುಗಳನ್ನು ಮಾತ್ರ ಕ್ಲಿನಿಕ್ಕಿಗೆ ಒಯ್ದು, ಸಾಮಾನು ಕುದಿಸುವ ಪಾತ್ರೆಯಲ್ಲಿ ಡಾಕ್ಟರಿಗೆ ಕೇಳಿಯೇ ಕುದಿಸಿ, ಬಿಳಿ ಕಾಗದದಲ್ಲಿ ಸುತ್ತಿ ತನ್ನ ಡ್ರಾಯರಿನಲ್ಲಿಟ್ಟಳು.

"ಮನೆಯಲ್ಲಿ ಒಲೆ ಇಲ್ವಾ?" ಅಂದರು ಡಾಕ್ಟರು.

"ಇದೆ ಸಾರ್. ಮಾರಾಟಕ್ಕಿದೆ."

ಅವರು ತಮಾಷೆ ಅಂದುಕೊಂಡರು.

ಕಟಕಟೆ ಮಂಚ ಮಾರಿಹೋಗಲಿಲ್ಲ, ಆದರೆ ಅದರೊಳಗಿದ್ದ ತಿಗಣೆಗಳು ಮನೆಯೆಲ್ಲ ಹರಡಿದವು. ಅಜ್ಜಿಯ ಬೆನ್ನಿನ ಮೇಲೆ ಸಾಲಾಗಿ ಕೆಂಪು ದದ್ದು. ಅತ್ತೆ ದಿನಾ ಬೆಳಗ್ಗೆ ದಿಂಬಿನ ಹೊಲಿಗೆಯಲ್ಲಿ ಅವನ್ನು ಹೆಕ್ಕಿ ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದಳು. ಅದೇ ಕೈಯಲ್ಲಿ ಬ್ರೆಡ್ಡು ಕುಯ್ದು ಕೊಡುತ್ತಿದ್ದಳು. ಸೊಸೆ ಊಟ ಬಿಟ್ಟು ಮೊಟ್ಟೆ ಬೇಯಿಸಿಕೊಂಡು ತಿನ್ನತೊಡಗಿದಳು. ಮೊಟ್ಟೆಯನ್ನಾದರೂ ಮುಂಚೆ ಯಾರೂ ಬಿಚ್ಚಿರುವುದಿಲ್ಲ. ಹಾಗಿರುವಾಗ ಒಂದು ದಿನ ಕ್ಲಿನಿಕ್ಕಿನಲ್ಲಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಹೆಂಗಸಿನ ಮೇಲಿಂದ ಡಾಕ್ಟರಿಗೆ ಇಕ್ಕಳ ಕೊಡಲು ಅವಳು ಬಗ್ಗಿದ್ದಾಗ, ಅವಳ ರವಿಕೆಯ ತೋಳಿನ ಮಡಿಕೆಯಿಂದ ಒಂದು ತಿಗಣೆ ಹೊರಬಂದು ಆ ಹೆಂಗಸಿನ ಕುತ್ತಿಗೆಯ ಕಡೆ ನಡೆಯಿತು. ಡಾಕ್ಟರು ನೋಡಿದರು. ಆ ಹೆಂಗಸು ಹೋದ ಮೇಲೆ ಬಾಗಿಲು ಹಾಕಿ ಮೆಲ್ಲಗೆ ಹೇಳಿದರು.

"ಮನೆ ಕ್ಲೀನ್ ಮಾಡಿಸಿಕೊಂಡು ಆಮೇಲೆ ಕೆಲಸಕ್ಕೆ ಬನ್ನಿ."

ಅವಳು ಡ್ರಾಯರಿನಲ್ಲಿದ್ದ ಕಾಗದದ ಪೊಟ್ಟಣವನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಮರ್ಯಾದೆ ಹೋದ ಸಿಟ್ಟಿನಲ್ಲಿ ಮೊದಲ ಸಲ ಮಾವನೆದುರು ದನಿ ಎತ್ತಿದಳು.

"ಆ ಮಂಚ ಸುಡಬೇಕು. ಗೋಡೆ ಕೆರೆದು ಸುಣ್ಣ ಹೊಡೀಬೇಕು. ಇಲ್ದಿದ್ರೆ ನನ್ನ ಸಂಬಳಾನೂ ಇಲ್ಲ, ನಾನೂ ಇಲ್ಲ."

"ಎಲ್ಲಿಗೆ ಹೋಗ್ತೀಯಮ್ಮ?" ಅಂದ ಮಾವ. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ಅವಳಿಗೆ ಹೋಗಲು ಜಾಗವಿರಲಿಲ್ಲ ಅಂತ ಅವನಿಗೂ ಗೊತ್ತಿತ್ತು.

"ಹೊಡೆಸ್ರೀ ಸುಣ್ಣ," ಅಂದಳು ಅತ್ತೆ, ಬಟ್ಟಲು ಅಲುಗಿಸುತ್ತ. "ಅವಳ ಸಂಬಳದಲ್ಲೇ ತಾನೆ ಬೇಳೆ ಬರ್ತಾ ಇರೋದು."

ಅದು ಮಾವನಿಗೆ ನಾಟಿತು. ಮಂಚ ಸುಡಲಿಲ್ಲ, ಯಾರಿಗೋ ಕೊಟ್ಟು ಬಂದ. ಸುಣ್ಣಕ್ಕೆ ಒಪ್ಪಿದ.

ಸುಣ್ಣ ಹೊಡೆಯುವ ದಿನ ಅದರ ಘಾಟು ತಾಗಬಾರದು ಅಂತ ಅವಳನ್ನು ಹೊರಗೆ ಕಳಿಸಿದರು. ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯೂ ಇತ್ತು. ಏಳನೇ ತಿಂಗಳು ನಡೆಯುತ್ತಿತ್ತು. ಎಲ್ಲ ಸರಿಯಾಗಿದೆ, ಮಗು ಚೆನ್ನಾಗಿ ಒದೆಯುತ್ತಿದೆ ಅಂದರು ನರ್ಸು.

ಸಂಜೆ ಬಂದು ನೋಡಿದರೆ ಮನೆ ಗುರುತೇ ಸಿಗಲಿಲ್ಲ. ಬೆಳ್ಳಗಿನ ಗೋಡೆ, ಸುಣ್ಣದ ತಣ್ಣನೆಯ ವಾಸನೆ. ಮೊಳೆಗಳನ್ನು ಕಿತ್ತು, ಸುಣ್ಣ ಒಣಗಿದ ಮೇಲೆ ಮತ್ತೆ ಅದೇ ತೂತುಗಳಿಗೆ ಹೊಡೆದಿದ್ದರು. ಮಾವನ ಕೊಡೆ ಇತ್ತು, ಅತ್ತೆಯ ಚೀಲ ಇತ್ತು, ಅಜ್ಜಿಯ ಔಷಧಿಯ ಕಟ್ಟು ಇತ್ತು. ಅವಳ ಮೊಳೆಯ ಮೇಲೆ ಏನೂ ಇರಲಿಲ್ಲ.

"ನನ್ನ ಚೀಲ?"

ಅತ್ತೆ ಒಲೆಯ ಕಡೆ ತಿರುಗಿದಳು.

"ಅತ್ತೆ, ನೀಲಿ ಚೀಲ ಎಲ್ಲಿ?"

"ಮೊಳೆ ಕಿತ್ತಾಗ ಎಲ್ಲರದ್ದೂ ಕೆಳಗಿಟ್ಟಿದ್ವಿ," ಅಂದಳು ಅತ್ತೆ.

"ಕೆಳಗೆ ಎಲ್ಲಿ?"

"ನೆಲದ ಮೇಲೆ," ಅಂದ ಮಾವ. ಅವನ ಮುಖದಲ್ಲಿ ಅಳುಕಿರಲಿಲ್ಲ, ಬದಲಿಗೆ ಒಳ್ಳೆಯ ವ್ಯಾಪಾರವಾದ ದಿನದ ಕಳೆ ಇತ್ತು. "ಗಿರಾಕಿ ಬಂದಿದ್ರು ಕಣಮ್ಮ. ಕುರ್ಚಿ ನೋಡೋಕೆ ಬಂದೋರು ಅದನ್ನ ಕಂಡ್ರು. ಹೊಸದರ ಹಾಗಿದೆ ಅಂದ್ರು. ನೀನು ಕೊಟ್ಟ ಬೆಲೆಗಿಂತ ಕೊಂಚ ಕಮ್ಮಿಗೆ ಹೋಯ್ತು, ಅಷ್ಟೇ. ಈ ಮನೆಯಿಂದ ಯಾವ ಮಾಲೂ ಅಷ್ಟಕ್ಕೆ ಹೋಗಿಲ್ಲ ಇವತ್ತಿನವರೆಗೆ."

"ಅದು ನನ್ನ ಮಗೂದು."

"ಮಗು ಇನ್ನೂ ಬಂದಿಲ್ವಲ್ಲಮ್ಮ. ಗಿರಾಕಿ ಬಂದು ನಿಂತಿದ್ರು."

"ಅದು ಮೊಳೆ ಮೇಲಿತ್ತು ಮಾವ. ನಿಮ್ಮ ಕಟ್ಟಳೆ ಪ್ರಕಾರಾನೇ ಇತ್ತು."

"ನಾನು ನೋಡಿದಾಗ ನೆಲದ ಮೇಲಿತ್ತು. ಹಾಗೆ ನೋಡಿದ್ರೆ ನನ್ನ ಕೋಟು ನಾನೇ ಮಾರಿದೀನಿ ಒಂದ್ಸಲ, ಜೇಬಲ್ಲಿ ಬೀಗದಕೈ ಇದ್ದ ಹಾಗೇ. ಅತ್ನಾ ನಾನು?"

"ಅತ್ತಿದ್ದೆ ನೀನು," ಅಂದಳು ಅಜ್ಜಿ ಮಂಚದಿಂದ. "ಚಳಿಗಾಲ ಅದು. ಮೂರು ದಿನ ಅಳ್ತಾನೇ ಇದ್ದೆ."

ಸೊಸೆ ಗಂಡನ ಕಡೆ ತಿರುಗಿದಳು. ಅವನ ಕೂದಲಲ್ಲಿ ಸುಣ್ಣದ ಹನಿಗಳಿದ್ದವು.

"ನೀವು ಎಲ್ಲಿದ್ರಿ?"

"ನಾನು ಇರಲಿಲ್ಲ ಕಣೆ. ಸೋಫಾ ಇಳಿಸಿ ಬರೋಕೆ ಹೋಗಿದ್ದೆ. ಬರೋ ಹೊತ್ತಿಗೆ ಆಗಿಹೋಗಿತ್ತು." ಅವನು ಅವಳ ಪಾದ ನೋಡುತ್ತ ಹೇಳಿದ. "ಮುಂದಿನ ತಿಂಗಳು ಹೊಸದು ತರೋಣ. ಇದಕ್ಕಿಂತ ಒಳ್ಳೇದು."

ಇಲ್ಲದಿದ್ದವನು ಏನು ತಾನೆ ಮಾಡುತ್ತಾನೆ. ಅವನೊಬ್ಬನ ಮೇಲೆ ಸಿಟ್ಟು ಮಾಡಿಕೊಳ್ಳದೆ ಅವಳು ಆ ವಾರ ಕಳೆದಳು. ಮಾವನ ಜೊತೆ ಮಾತು ಬಿಟ್ಟಳು. ಅವನು ಉಂಡ ತಟ್ಟೆ ತೆಗೆಯುವುದನ್ನು ಬಿಟ್ಟಳು. ಅವನು ಬೆರಳು ಹಾಕಿ ಬೆಣ್ಣೆ ತೆಗೆಯುವುದು, ಗಿರಾಕಿಯ ಹಾಸಿಗೆಯ ಮೇಲೆ ಮಲಗಿ ತೋರಿಸುವುದು, ಯಾರದೋ ಸತ್ತವರ ಚಪ್ಪಲಿಯಲ್ಲಿ ಬಚ್ಚಲಿಗೆ ಹೋಗುವುದು, ಎಲ್ಲವೂ ಅವಳಿಗೆ ಓಕರಿಕೆ ತರಿಸುತ್ತಿತ್ತು. ಗಂಡನ ತಟ್ಟೆಯನ್ನು ಮೊದಲಿನಂತೆಯೇ ತೊಳೆದಿಡುತ್ತಿದ್ದಳು.

ಒಂದು ಬೆಳಗ್ಗೆ ಪಾತ್ರೆ ಉಜ್ಜುತ್ತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ಕೂತಳು.

"ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡ್ತಾಳಲ್ಲ, ಗುಂಗುರು ಕೂದಲಿನೋಳು. ನೀರಿನ ಟ್ಯಾಂಕ್ ಹಿಂದಿನ ಬೀದಿ, ಹಸಿರು ಗೇಟು. ಅವಳೇ ತಗೊಂಡು ಹೋದದ್ದು."

ಸೊಸೆ ಕೈ ನಿಲ್ಲಿಸಿದಳು.

"ಹೋಗಿ ಕೇಳು. ದುಡ್ಡು ನನ್ನ ಚೀಲದಲ್ಲಿದೆ, ತಗೋ. ನಾನು ಹೇಳಿದೆ ಅನ್ನಬೇಡ." ಅತ್ತೆ ತನ್ನ ಕೈಗಳನ್ನೇ ನೋಡಿಕೊಂಡು ಅಂದಳು. "ನಿನ್ನ ಗಂಡ ಹುಟ್ಟಿದಾಗ ನಾನೂ ಒಂದು ಟೋಪಿ ಹೆಣೆದು ಇಟ್ಟಿದ್ದೆ. ನೆಲದ ಮೇಲೆ ಬಿದ್ದಿತ್ತು."

ಭಾನುವಾರ ಸೊಸೆ ಹೊರಟಳು. ಹಸಿರು ಗೇಟು ಬೇಗನೆ ಸಿಕ್ಕಿತು. ಅಂಗಳದ ಹಗ್ಗದ ಮೇಲೆ ಹನ್ನೆರಡು ಚೌಕ ಬಟ್ಟೆಗಳು ಒಣಗುತ್ತಿದ್ದವು. ಗುಂಗುರು ಕೂದಲಿನ ಹೆಂಗಸು ಕಂಕುಳಲ್ಲಿ ಒಂದು ಕೂಸನ್ನು ಎತ್ತಿಕೊಂಡು ಬಾಗಿಲು ತೆರೆದಳು. ಅವಳ ಕಾಲಿನ ಹತ್ತಿರ ಒಂದೂವರೆ ವರ್ಷದ ಇನ್ನೊಂದು ಮಗು.

"ನಾನು ಸೆಕೆಂಡ್ ಹ್ಯಾಂಡ್ ಸಾಹುಕಾರರ ಸೊಸೆ."

"ಓ, ಬನ್ನಿ ಬನ್ನಿ. ನಿಮ್ಮ ಯಜಮಾನ್ರು ಎಷ್ಟು ಒಳ್ಳೆಯೋರು ರೀ. ತಾವೇ ಹಾಸಿಗೆ ಸುತ್ತಿ, ಚೀಲ ಕಟ್ಟಿ, ಆಟೋದವರೆಗೂ ಹೊತ್ತುಕೊಂಡು ಬಂದ್ರು. ಮೈಯೆಲ್ಲ ಸುಣ್ಣ ಮಾಡ್ಕೊಂಡಿದ್ರು ಪಾಪ."

ಸೊಸೆ ತಿರುಗಿ ಹಗ್ಗದ ಮೇಲಿನ ಬಟ್ಟೆಗಳನ್ನು ನೋಡಿದಳು.

"ನಮ್ಮ ಮಗಳದು, ಅವಳೀಗ ದೊಡ್ಡವಳಾದ್ಲು, ಓಡಾಡ್ತಾಳೆ, ಇನ್ನು ಬೇಕಾಗಲ್ಲ ಅಂದ್ರು. ಎಷ್ಟು ಜೋಪಾನವಾಗಿ ಇಟ್ಟಿದೀರಿ ರೀ, ಬಳಸಿದ್ದೇ ಗೊತ್ತಾಗಲ್ಲ. ನಮ್ಮತ್ತೆಗೆ ಹೊಸದು ಅಂತಲೇ ಹೇಳಿದೀನಿ." ಹೆಂಗಸಿನ ಕಣ್ಣು ಅವಳ ಹೊಟ್ಟೆಯ ಮೇಲೆ ಇಳಿಯಿತು. "ಇದು ಎರಡನೇದಾ?"

ಕೆಳಗಿದ್ದ ಮಗುವಿನ ಕೈಯಲ್ಲಿ ಮುಖಗಳ ಪುಸ್ತಕವಿತ್ತು. ಮೂಲೆ ಬಾಯೊಳಗಿತ್ತು. ಮಗು ಬಂದವರನ್ನು ನೋಡಲು ಪುಸ್ತಕ ಹೊರಗೆ ತೆಗೆದಾಗ ಜೊಲ್ಲು ದಾರದಂತೆ ಎಳೆದು ಬಂತು. ಮೂಲೆಯಲ್ಲಿ ಕೆಳಗೆ ಎರಡು, ಮೇಲೆ ನಾಲ್ಕು, ಆಳವಾದ ಗುರುತುಗಳು.

ಇವು ನನ್ನವು, ಮರಳಿ ಕೊಡಿ ಅನ್ನಲು ಬಂದಿದ್ದಳು. ಅದನ್ನು ಹೇಳಬೇಕಾದರೆ ಗಂಡ ಹೇಳಿದ್ದು ಸುಳ್ಳು ಅನ್ನಬೇಕು. ಮಗಳೂ ಇಲ್ಲ, ಓಡಾಡುವುದೂ ಇಲ್ಲ ಅನ್ನಬೇಕು. ಆ ಹೆಂಗಸು ನಗುತ್ತ ಕಾಯುತ್ತಿದ್ದಳು.

"ಹ್ಞೂಂ," ಅಂದಳು ಸೊಸೆ. "ಎರಡನೇದು."

ಅಂದ ಕೂಡಲೇ ಬಾಯೊಳಗೆ ಒಂಥರಾ ರುಚಿ, ಯಾರೋ ಜಗಿದದ್ದನ್ನು ತಾನು ಜಗಿದ ಹಾಗೆ. ಉಗುಳಬೇಕು ಅನ್ನಿಸಿತು, ಉಗುಳಲಿಲ್ಲ.

"ಏನಾದ್ರೂ ಕೆಲಸ ಇತ್ತಾ ರೀ?"

ಅವಳು ಕೈಚೀಲ ತಡಕಿದಳು. ಅತ್ತೆಯ ದುಡ್ಡು ಬೆರಳಿಗೆ ತಾಕಿತು, ಅದನ್ನು ಸರಿಸಿದಳು. ಬಿಳಿ ಕಾಗದದ ಪೊಟ್ಟಣ ಸಿಕ್ಕಿತು.

"ಬಾಟಲಿಯ ನಿಪ್ಪಲ್ಲು ನಮ್ಮಲ್ಲೇ ಉಳಿದುಹೋಗಿತ್ತು. ಕೊಟ್ಟು ಹೋಗೋಣ ಅಂತ ಬಂದೆ. ಕುದಿಸಿದೀನಿ."

"ಅಯ್ಯೋ, ಇದಕ್ಕೋಸ್ಕರ ಈ ಹೊಟ್ಟೇಲಿ ನಡ್ಕೊಂಡು ಬಂದ್ರಾ," ಅಂದಳು ಹೆಂಗಸು. "ಕೂತ್ಕೊಳ್ಳಿ, ಚಹಾ ಕುಡೀರಿ."

ಅವಳು ಕೂರಲಿಲ್ಲ.

ಮನೆಗೆ ಬಂದಾಗ ಊಟಕ್ಕೆ ಬಡಿಸಿದ್ದರು. ಹೊಸದಾಗಿ ಬಂದ ಮೇಜಿಗೆ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಾವ ಏನೋ ದಪ್ಪನೆಯದನ್ನು ಇಟ್ಟಿದ್ದ. ಸೊಸೆ ಬಗ್ಗಿ ನೋಡಿದಳು. ಗೋಣಿಚೀಲದಲ್ಲಿ ಬಂದ ರಟ್ಟಿನ ಪುಸ್ತಕ, ಆನೆಯದು. ಅವಳು ಅತ್ತೆಯ ದುಡ್ಡನ್ನು ಅತ್ತೆಯ ಮೊಳೆಯ ಮೇಲಿದ್ದ ಚೀಲಕ್ಕೆ ಹಾಕಿ, ಕೈ ತೊಳೆದುಕೊಂಡು ಬಂದು ಕೂತಳು. ಅತ್ತೆ ಕೇಳುವ ಕಣ್ಣಿನಿಂದ ನೋಡಿದಳು. ಸೊಸೆ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಎಲ್ಲಿಗೆ ಹೋಗಿದ್ದೆ?" ಅಂದ ಗಂಡ, ಬ್ರೆಡ್ಡು ಮುರಿಯುತ್ತ.

"ನಮ್ಮ ದೊಡ್ಡ ಮಗಳನ್ನ ನೋಡ್ಕೊಂಡು ಬರೋಕೆ."

ಅವನ ದವಡೆ ನಿಂತಿತು.

"ಯಾರು? ಯಾವ ಮಗಳು?" ಅಂದಳು ಅಜ್ಜಿ.

"ಓಡಾಡ್ತಾಳಂತೆ," ಅಂದಳು ಸೊಸೆ. "ಅವಳಿಗೆ ಇನ್ನು ಏನೂ ಬೇಕಾಗಲ್ವಂತೆ."

"ಅಪ್ಪ ಮಾತು ಕೊಟ್ಟಾಗಿತ್ತು ಕಣೆ," ಅಂದ ಗಂಡ. "ಗಿರಾಕಿ ಎದುರಿಗೆ ಅಪ್ಪನ ಮಾತು ತೆಗೆದುಹಾಕೋಕಾಗುತ್ತಾ? ಹೊಸದನ್ನ ಯಾಕೆ ಮಾರ್ತೀರಿ ಅಂದ್ರು, ಬಳಸಿದ್ದು ಅಂತ ಏನಾದ್ರೂ ಹೇಳಬೇಕಿತ್ತು. ಬಾಯಿಗೆ ಬಂತು."

"ಮಂಚ ತಂದ ದಿನ ನಿಮ್ಮಪ್ಪ ನನ್ನನ್ನ ಕೇಳಿದ್ರು, ಈಗ ಏನಾಗಿದೆ ಅವನಿಗೆ ಅಂತ," ಅಂದಳು ಸೊಸೆ. ಅವಳ ದನಿ ಏರಲಿಲ್ಲ. "ಅವತ್ತು ಹೇಳೋಕೆ ಬರಲಿಲ್ಲ ನಂಗೆ."

ಬಾಗಿಲ ಬಳಿ ಯಾರೋ ಕೆಮ್ಮಿದರು. ಮೇಜು ನೋಡಲು ಬಂದವರು. ಮಾವ ಬಾಯಿ ಒರೆಸಿಕೊಂಡು ಎದ್ದ. ಸೊಸೆ ತನ್ನ ತಟ್ಟೆಯನ್ನು ಎತ್ತಿಕೊಂಡಳು. ಉಳಿದವರ ತಟ್ಟೆ ತೊಳೆದು, ಗಂಡನ ತಟ್ಟೆಯನ್ನು ಮಾವನ ತಟ್ಟೆಯ ಮೇಲೆ ತೊಳೆಯದೆ ಹಾಗೆಯೇ ಬಿಟ್ಟಳು.

ಹೋದದ್ದು ಒಂದು ಹಾಸಿಗೆ, ಎರಡು ಬಾಟಲಿ, ಹನ್ನೆರಡು ಚೌಕ ಬಟ್ಟೆ, ಮೂರು ಪುಸ್ತಕ, ಒಂದು ಚೀಲ. ಎರಡು ನಿಪ್ಪಲ್ಲು ಅವಳೇ ಕೊಟ್ಟದ್ದು.